ಲಿಬ್‌ಎಸ್‌ಎಸ್‌ಎಚ್ ಲೈಬ್ರರಿ: ಕನೆಕ್ಟ್ ಆಯಿತು ಅಂದರೆ ಸೇಫ್ ಆಯಿತು ಅಂತಲ್ಲ

ಸಿ ಪ್ರೋಗ್ರಾಮಿನ ಒಳಗಿಂದಲೇ ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ ವಿಧಾನ) ಮೂಲಕ ಹೋಗಬೇಕಾದರೆ ಹೆಚ್ಚಾಗಿ ಕೇಳಿಬರುವ ಹೆಸರುಗಳು ಎರಡು: ಲಿಬ್‌ಎಸ್‌ಎಸ್‌ಎಚ್ ಮತ್ತು ಲಿಬ್‌ಎಸ್‌ಎಸ್‌ಎಚ್2. ಒಂದು ಇನ್ನೊಂದರ ಹೊಸ ಆವೃತ್ತಿಯಲ್ಲ, ಎರಡೂ ಬೇರೆ ಬೇರೆ ಪ್ರಾಜೆಕ್ಟ್‌ಗಳು. ಎರಡನೆಯದು ಕ್ಲೈಂಟ್‌ಗೆ ಮಾತ್ರ, ಲೈಸೆನ್ಸ್ ಬಿಎಸ್‌ಡಿ. ಮೊದಲನೆಯದರಲ್ಲಿ ಸರ್ವರ್ ಕೂಡ ಬರೆಯಬಹುದು, ಲೈಸೆನ್ಸ್ ಎಲ್‌ಜಿಪಿಎಲ್. ಈ ಮೊದಲನೆಯದರ ಕ್ರಿಪ್ಟೋ (ಗೂಢಲಿಪಿ) ಕೆಲಸಕ್ಕೆ ಓಪನ್‌ಎಸ್‌ಎಸ್‌ಎಲ್, ಲಿಬ್‌ಜಿಕ್ರಿಪ್ಟ್, ಎಂಬೆಡ್‌ಟಿಎಲ್‌ಎಸ್, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ.

ಲಿಬ್‌ಎಸ್‌ಎಸ್‌ಎಚ್ ಬಳಸುವವರು ಮೊದಲು ತಿಳಿಯಬೇಕಾದದ್ದು ಹೋಸ್ಟ್ ಕೀ (ಸರ್ವರ್ ತನ್ನ ಗುರುತು ಸಾಬೀತುಪಡಿಸುವ ಕೀ) ವಿಚಾರ. ಟರ್ಮಿನಲ್‌ನ ಎಸ್‌ಎಸ್‌ಎಚ್ ಕಮಾಂಡ್ ಅಪರಿಚಿತ ಸರ್ವರ್ ಕಂಡರೆ ತಾನೇ ನಿಂತು ಕೇಳುತ್ತದೆ. ಈ ಲೈಬ್ರರಿ ಕೇಳುವುದಿಲ್ಲ. ಎದುರಿಗಿರುವ ಸರ್ವರ್ ನಕಲಿಯಾದರೂ ಕನೆಕ್ಟ್ ಕರೆ 'ಓಕೆ' ಅಂತಲೇ ಹಿಂತಿರುಗುತ್ತದೆ. ಪಾಸ್‌ವರ್ಡ್ ಕಳಿಸುವ ಮುಂಚೆ ನೋನ್ ಹೋಸ್ಟ್ಸ್ (ಪರಿಚಿತ ಸರ್ವರ್‌ಗಳ ಕೀಗಳ ಪಟ್ಟಿ) ತಪಾಸಣೆಯ ಫಂಕ್ಷನ್ ಅನ್ನು ನೀವೇ ಕರೆಯಬೇಕು. ಕೀ ಬದಲಾಗಿದೆ ಎಂಬ ಉತ್ತರ ಬಂದರೆ ಅಲ್ಲೇ ಡಿಸ್‌ಕನೆಕ್ಟ್ ಮಾಡಬೇಕು. ಈ ಸಾಲುಗಳಿಲ್ಲದ ಕೋಡ್ ಟೆಸ್ಟ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ, ಅಪಾಯ ಇರುವುದೇ ಅಲ್ಲಿ.

ಎರಡನೇ ಕಿರಿಕಿರಿ ಆಪ್ಷನ್ ಸೆಟ್ ಮಾಡುವುದು. ಅದರ ಫಂಕ್ಷನ್ ವಾಯ್ಡ್ ಪಾಯಿಂಟರ್ (ಯಾವ ಟೈಪ್‌ನ ವಿಳಾಸವಾದರೂ ಒಪ್ಪುವ ಪಾಯಿಂಟರ್) ತೆಗೆದುಕೊಳ್ಳುವುದರಿಂದ ಟೈಪ್ ತಪ್ಪಿದರೂ ಕಂಪೈಲರ್ ಸುಮ್ಮನಿರುತ್ತದೆ. ಪೋರ್ಟ್‌ಗೆ ಅನ್‌ಸೈನ್ಡ್ ಇಂಟ್, ಟೈಮ್‌ಔಟ್‌ಗೆ ಲಾಂಗ್. ಟೈಮ್‌ಔಟ್‌ಗೆ ಇಂಟ್ ವಿಳಾಸ ಕೊಟ್ಟರೆ 64 ಬಿಟ್ ಲಿನಕ್ಸ್‌ನಲ್ಲಿ ಪಕ್ಕದ 4 ಬೈಟ್‌ಗಳನ್ನೂ ಸೇರಿಸಿ ಓದುತ್ತದೆ, ಟೈಮ್‌ಔಟ್ ಮೌಲ್ಯ ಏನೇನೋ ಆಗುತ್ತದೆ. ಜೊತೆಗೆ, ಬಳಕೆದಾರರ ಓಪನ್‌ಎಸ್‌ಎಸ್‌ಎಚ್ ಕಾನ್ಫಿಗ್ ಫೈಲನ್ನು ಲೈಬ್ರರಿ ತಾನಾಗಿಯೇ ಓದುತ್ತದೆ. ಬೇಡವಾದರೆ ಪ್ರೊಸೆಸ್ ಕಾನ್ಫಿಗ್ ಆಪ್ಷನ್ ಅನ್ನು ಫಾಲ್ಸ್ ಮಾಡಿ.

ಕಮಾಂಡ್ ಓಡಿಸುವಾಗ ಸ್ಟ್ಯಾಂಡರ್ಡ್ ಎರರ್ ಅನ್ನೂ ಓದುತ್ತಿರಿ. ಎರಡು ಔಟ್‌ಪುಟ್‌ಗಳಿಗೂ ಚಾನೆಲ್ ವಿಂಡೋ (ಓದುವ ಮುಂಚೆ ಬಂದು ಸೇರಬಹುದಾದ ಡೇಟಾದ ಮಿತಿ) ಒಂದೇ. ಎರರ್ ಕಡೆಯ ಡೇಟಾ ಓದದೆ ಬಿಟ್ಟು ವಿಂಡೋ ತುಂಬಿದರೆ ಅತ್ತ ಕಮಾಂಡ್ ನಿಂತುಬಿಡಬಹುದು. ಒಂದೇ ಸೆಷನ್ ಅನ್ನು ಏಕಕಾಲಕ್ಕೆ ಎರಡು ಥ್ರೆಡ್‌ಗಳಿಂದ ಮುಟ್ಟಬೇಡಿ.

ಸರ್ವರ್ ಬರೆಯುವವರಿಗೆ ಈ ಲೈಬ್ರರಿಯ 2018ರ ದೋಷ ನೆನಪಿರಲಿ. ಲಾಗಿನ್ ಯಶಸ್ವಿ ಎಂದು ಸರ್ವರ್ ಹೇಳಬೇಕಾದ ಸಂದೇಶವನ್ನು ಕ್ಲೈಂಟೇ ಕಳಿಸಿದರೆ, ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುತ್ತಿತ್ತು. ಸಂದೇಶ ಬಂದ ಹಂತವನ್ನೂ ದಿಕ್ಕನ್ನೂ ಪರೀಕ್ಷಿಸದೆ ಇದ್ದದ್ದೇ ಕಾರಣ. ಆವೃತ್ತಿ 0.7.6 ಮತ್ತು 0.8.4ರಲ್ಲಿ ಸರಿಪಡಿಸಿದರು. 2023ರ ಟೆರಾಪಿನ್ ದಾಳಿಗೆ (ಸಂಪರ್ಕದ ಆರಂಭದ ಸಂದೇಶಗಳನ್ನು ನಡುವಿನವರು ಗುಟ್ಟಾಗಿ ತೆಗೆದುಹಾಕುವ ದಾಳಿ) ಪರಿಹಾರ 0.9.8 ಮತ್ತು 0.10.6ರಲ್ಲಿ ಬಂತು, ಆದರೆ ಆ ಪರಿಹಾರದಲ್ಲಿರುವ, ಕೀ ವಿನಿಮಯವನ್ನು ಬಿಗಿಗೊಳಿಸುವ ಸ್ಟ್ರಿಕ್ಟ್ ಕೀ ಎಕ್ಸ್‌ಚೇಂಜ್ ಎರಡೂ ತುದಿಗಳಲ್ಲಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ.

ಕೋಡ್‌ಗೆ ಕೈಹಾಕುವವರು ಬೇರೆ ಬಿಲ್ಡ್ ಫೋಲ್ಡರ್ ಮಾಡಿಕೊಂಡು ಸಿಮೇಕ್ (ಬಿಲ್ಡ್ ಸಾಧನ) ಓಡಿಸಿ, ಯೂನಿಟ್ ಟೆಸ್ಟಿಂಗ್ ಆನ್ ಮಾಡಿ. ಇದಕ್ಕೆ ಸಿಮೋಕಾ ಎಂಬ ಟೆಸ್ಟ್ ಲೈಬ್ರರಿ ಬೇಕು. ಕ್ಲೈಂಟ್ ಟೆಸ್ಟ್‌ಗಳಿಗೆ ಸಾಕೆಟ್ ರ್‍ಯಾಪರ್ (ನೆಟ್‌ವರ್ಕ್ ಕರೆಗಳನ್ನು ಅನುಕರಿಸುವ ಸಾಧನ) ಮುಂತಾದವು, ಜೊತೆಗೆ ಓಪನ್‌ಎಸ್‌ಎಸ್‌ಎಚ್ ಸರ್ವರ್ ಸಹ ಇರಬೇಕು. ಅಷ್ಟೆಲ್ಲ ಹೊಂದಿಸುವುದು ತಲೆನೋವಾದರೂ ಮಾಡಿ: ನಿಜವಾದ ಸರ್ವರ್ ಎದುರು ಓಡುವುದು ಆ ಟೆಸ್ಟ್‌ಗಳೇ.