ಹಳೇ ಔಟ್‌ಬೋರ್ಡ್‌ಗೆ ಹಾಕಿದ ಟ್ಯಾಕೋಮೀಟರ್: ಮೀಟರ್ ಚೆನ್ನಾಗಿದೆ, ಆದರೆ ಮೊದಲು ರೆಕ್ಟಿಫೈಯರ್ ನೋಡಿ

ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ ಮೋಟಾರ್) ಇಟ್ಟುಕೊಂಡವರು ಈ ಟ್ಯಾಕೋಮೀಟರನ್ನು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಅಂತ ತೋರಿಸುವ ಮೀಟರನ್ನು, ಧೈರ್ಯವಾಗಿ ತಗೊಳ್ಳಬಹುದು. ಒಂದೇ ಷರತ್ತು, ನಿಮ್ಮ ಹಳೇ ಮೀಟರ್ ನಿಜವಾಗಿಯೂ ಕೆಟ್ಟಿದೆಯಾ ಅಂತ ಮೊದಲು ನೋಡಿಕೊಳ್ಳಿ. ಮುಳ್ಳು ಸೊನ್ನೆ ಬಿಟ್ಟು ಏಳದಿದ್ದರೆ ಎಲ್ಲರೂ ಮೀಟರ್ ಮೇಲೇ ಗೂಬೆ ಕೂರಿಸುತ್ತಾರೆ. ಎಷ್ಟೋ ಸಲ ತೊಂದರೆ ಬೇರೆ ಕಡೆ ಇರುತ್ತದೆ.

ಇದು 7000 ಆರ್‌ಪಿಎಂವರೆಗೆ ತೋರಿಸುವ, ಬೇರೆ ಬೇರೆ ಕಂಪನಿಗಳ ಮೋಟಾರಿಗೆ ಹೊಂದುವ ಅನಲಾಗ್ ಮೀಟರ್. ಹಳೆಯದು ಕೂತಿದ್ದ ತೂತಿಗೇ ಕೂತಿತು, ಏನೂ ಕೊರೆಯಬೇಕಾಗಲಿಲ್ಲ. ಬೆನ್ನಿಗೆ ನಾಲ್ಕು ವೈರ್: ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಅರ್ತ್, ಒಳಗಿನ ದೀಪ, ಸಿಗ್ನಲ್. ಜಾನ್ಸನ್, ಎವಿನ್‌ರೂಡ್, ಮರ್ಕ್ಯುರಿ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕೀ ವೈರ್ ನೇರಳೆ, ಸಿಗ್ನಲ್ ವೈರ್ ಬೂದು. ಯಮಹಾದಲ್ಲಿ ಹಳದಿ ಮತ್ತು ಹಸಿರು. ಆದರೆ ಹಳೇ ಮೋಟಾರ್ ಅಂದಮೇಲೆ ನಡುವೆ ಯಾರ್ಯಾರೋ ಕೈಯಾಡಿಸಿರುತ್ತಾರೆ. ಬಣ್ಣ ನಂಬಿ ಕೂರಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ.

ಈ ಮೀಟರ್ ಸ್ಪಾರ್ಕ್ ಎಣಿಸುವುದಿಲ್ಲ. ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒಳಗಿನ ಮ್ಯಾಗ್ನೆಟ್‌ಗಳು ಸ್ಟೇಟರ್ (ಕರೆಂಟ್ ಹುಟ್ಟುವ ತಂತಿ ಸುರುಳಿಗಳು) ಸುತ್ತ ತಿರುಗುವಾಗ ಹುಟ್ಟುವ ಎಸಿ ಪಲ್ಸ್ ಎಣಿಸುತ್ತದೆ. 12 ಪೋಲ್ (ಮ್ಯಾಗ್ನೆಟ್ ಧ್ರುವ) ಇದ್ದರೆ ಒಂದು ಸುತ್ತಿಗೆ 6 ಪಲ್ಸ್, 10 ಪೋಲ್ ಇದ್ದರೆ 5. ಅದಕ್ಕೆ ತಕ್ಕಂತೆ ತಿರುಗಿಸಲು ಬೆನ್ನಲ್ಲಿ ಒಂದು ಪುಟ್ಟ ಸೆಲೆಕ್ಟರ್ ಇದೆ. 12 ಪೋಲಿನ ಮೋಟಾರಿಗೆ 5ರಲ್ಲಿ ಇಟ್ಟರೆ, 3000 ಓಡುತ್ತಿರುವಾಗ ಮುಳ್ಳು 3600 ತೋರಿಸುತ್ತದೆ. ಮೀಟರ್ ಸುಳ್ಳು ಹೇಳ್ತಿದೆ ಅಂತ ಬೈಯುವವರಲ್ಲಿ ಅರ್ಧ ಜನ ಈ ಸೆಲೆಕ್ಟರನ್ನೇ ನೋಡಿರುವುದಿಲ್ಲ. ಸಂಶಯ ಬಂದರೆ ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ತಂದು ತಾಳೆ ಹಾಕಿ. ನನ್ನದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಿದವು.

ಇದರ ದೊಡ್ಡ ಕೊರತೆಯೂ ಅದೇ ಸೆಲೆಕ್ಟರ್. ಮೋಟಾರ್ ಕೆಲವು ತಿಂಗಳು ಸುಮ್ನೆ ನಿಂತರೆ ಅದರ ಒಳಗೆ ಕಿಲುಬು ಹಿಡಿಯುತ್ತದೆ. ಆಮೇಲೆ ಮುಳ್ಳು 2000ಕ್ಕೂ 4000ಕ್ಕೂ ಕುಣಿಯಲು ಶುರು. ಯಾವ ಅಂಕಿಯಲ್ಲಿತ್ತು ಅಂತ ಬರೆದುಕೊಂಡು, ಸಣ್ಣ ಸ್ಕ್ರೂಡ್ರೈವರ್‌ನಿಂದ ಆ ತುದಿಯಿಂದ ಈ ತುದಿಗೆ ನಾಲ್ಕಾರು ಸಲ ತಿರುಗಿಸಿ, ವಾಪಸ್ ಅದೇ ಅಂಕಿಗೆ ತಂದರೆ ಸಾಕು. ಅಷ್ಟರಲ್ಲೇ ಸರಿಹೋಗುತ್ತದೆ. ಇನ್ನೂ ಕುಣಿದರೆ ಅರ್ತ್ ವೈರ್ ಮತ್ತು ಬ್ಯಾಟರಿ ಟರ್ಮಿನಲ್ ಬಿಗಿ ಇದೆಯಾ ನೋಡಿ.

ಅಸಲಿ ಪರೀಕ್ಷೆ ಬಂದಿದ್ದು ಆಮೇಲೆ. ಒಂದು ದಿನ ಮೀಟರ್ ಪೂರ್ತಿ ಸತ್ತಂತಾಯಿತು, ದೀಪ ಮಾತ್ರ ಉರಿಯುತ್ತಿತ್ತು. ಮೀಟರಿಗೆ ಕೈ ಹಾಕುವ ಮೊದಲು ಬ್ಯಾಟರಿ ನೋಡಿದೆ. ಎಂಜಿನ್ ಓಡುತ್ತಿದ್ದರೂ 12.4 ವೋಲ್ಟ್. ಆರ್‌ಪಿಎಂ ಏರಿಸಿದರೆ 13.5 ದಾಟಬೇಕಿತ್ತು, ಕದಲಲೇ ಇಲ್ಲ. ಚಾರ್ಜೂ ಇಲ್ಲ, ಸಿಗ್ನಲ್ಲೂ ಇಲ್ಲ ಅಂದರೆ ಎರಡಕ್ಕೂ ಮೂಲ ಒಂದೇ ಇರಬೇಕು ಅಲ್ವಾ? ನನ್ನ ಮೋಟಾರಿನಲ್ಲಿ ರೆಗ್ಯುಲೇಟರ್ (ವೋಲ್ಟೇಜ್ ಮಿತಿಯಲ್ಲಿಡುವುದು) ಮತ್ತು ರೆಕ್ಟಿಫೈಯರ್ (ಸ್ಟೇಟರ್‌ನ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು) ಒಂದೇ ಡಬ್ಬಿಯಲ್ಲಿವೆ, ಸಿಗ್ನಲ್ ಹೊರಡುವುದೂ ಅದರಿಂದಲೇ. ಎಂಜಿನ್ ನಿಲ್ಲಿಸಿ, ಬೂದು ವೈರನ್ನು ಡಬ್ಬಿಯಿಂದ ಬಿಚ್ಚಿ, ಸ್ಟೇಟರ್‌ನಿಂದ ಬರುವ ಹಳದಿ ವೈರೊಂದಕ್ಕೆ ಜೋಡಿಸಿದೆ. ಸ್ಟಾರ್ಟ್ ಮಾಡಿದೊಡನೆ ಮುಳ್ಳು ಎದ್ದು 900ರ ಹತ್ತಿರ ನಿಂತಿತು. ಮೀಟರ್ ಸರಿ, ಸ್ಟೇಟರ್ ಪಲ್ಸ್ ಕೊಡುತ್ತಿದೆ, ಹೋಗಿರುವುದು ಡಬ್ಬಿ. ಹೊಸದು ಹಾಕಿ ವೈರನ್ನು ಮೊದಲಿನ ಜಾಗಕ್ಕೆ ಕೊಟ್ಟಮೇಲೆ ಚಾರ್ಜೂ ಬಂತು, ಮೀಟರೂ ಎದ್ದಿತು. ಈ ಪರೀಕ್ಷೆ ಮಾಡುವಾಗ ಮೋಟಾರ್ ನೀರಿನಲ್ಲಿರಲಿ. ನೀರಿಲ್ಲದೆ ಒಣಗಿದ್ದಾಗ ಓಡಿಸಿದರೆ ನೀರೆಳೆಯುವ ಪಂಪಿನ ಇಂಪೆಲ್ಲರ್ (ಒಳಗಿನ ರಬ್ಬರ್ ಚಕ್ರ) ಸುಟ್ಟು ಇನ್ನೊಂದು ಖರ್ಚು ತಲೆಗೆ ಬರುತ್ತದೆ.

ಇನ್ನೂ ಹಳೇ ಮೋಟಾರುಗಳಲ್ಲಿ ಬರೀ ರೆಕ್ಟಿಫೈಯರ್ ಇರುತ್ತದೆ. ಬ್ಯಾಟರಿ ತೆಗೆದು, ರೆಕ್ಟಿಫೈಯರ್‌ನ ವೈರ್ ಬಿಚ್ಚಿ, ಮಲ್ಟಿಮೀಟರ್‌ನಿಂದ ಅದರೊಳಗಿನ ಡಯೋಡ್‌ಗಳ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಪರೀಕ್ಷೆ ಮಾಡಿ. ಒಂದು ದಿಕ್ಕಿನಲ್ಲಿ ಓದಬೇಕು, ತಿರುಗಿಸಿ ಹಿಡಿದರೆ ಓದಬಾರದು. ಎರಡೂ ಕಡೆ ಓದಿದರೆ ಅದು ಹೋದ ಹಾಗೆ. ಬ್ಯಾಟರಿ ವೈರ್ ಅದಲುಬದಲಾದರೆ, ಓಡುತ್ತಿರುವಾಗಲೇ ಬ್ಯಾಟರಿ ಸ್ವಿಚ್ ಆಫ್ ಮಾಡಿದರೆ ಡಯೋಡ್‌ಗಳು ಹಾರಿಹೋಗುತ್ತವೆ. ಚಾರ್ಜ್ ಸರಿಯಿದ್ದು ಮೀಟರ್ ಮಾತ್ರ ಸತ್ತಿದ್ದರೆ, ಎಂಜಿನ್‌ನಿಂದ ಮೀಟರಿಗೆ ಹೊರಗಡೆಯಿಂದ ಒಂದು ಉದ್ದ ವೈರ್ ಎಳೆದು ನೋಡಿ. ಮುಳ್ಳು ಎದ್ದರೆ ಒಳಗಿನ ಸಿಗ್ನಲ್ ವೈರ್ ಎಲ್ಲೋ ತುಂಡಾಗಿದೆ.

ಇಷ್ಟೆಲ್ಲ ಒದ್ದಾಟ ಬೇಕಾ ಅಂದರೆ, ಪ್ರೊಪೆಲ್ಲರ್ ಬದಲಿಸುವವರಿಗೆ ಬೇಕೇ ಬೇಕು. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಒಂದು ಇಂಚು ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಬರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಮೋಟಾರ್ ಕೈಪಿಡಿ ಹೇಳಿದ ಮಿತಿಯೊಳಗೆ ಇದೆಯೋ ಇಲ್ಲವೋ ಅಂತ ಶಬ್ದ ಕೇಳಿ ಹೇಳಲಾಗದು.

ಬೇರೆ ದೂರುಗಳು ಸಣ್ಣವು. ತಣ್ಣನೆ ಬೆಳಗ್ಗೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ, ಬಿಸಿಲೇರಿದರೆ ಹೋಗುತ್ತದೆ. ದೀಪ ಮಂಕು. ಅಂಕಿಗಳು ಮಾತ್ರ ಇವತ್ತಿಗೂ ಮಾಸಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಸೆಲೆಕ್ಟರಿಗೊಂದು ರಬ್ಬರ್ ಮುಚ್ಚಳ ಕೊಟ್ಟಿದ್ದರೆ ಐದೂ ಕೊಡುತ್ತಿದ್ದೆ.