ಕಾವಲಿಗೆ ಚೋಕಿಡಾರ್, ತಪಾಸಣೆಗೆ ಝಾಡ್: ನಾಲ್ಕು ಮಳೆಗಾಲದ ಬಳಕೆ

2022ರ ಜುಲೈ. ಶಿವಮೊಗ್ಗದಲ್ಲಿ ಧೋ ಎಂದು ಮಳೆ. ಬೆಳಿಗ್ಗೆ ಆರಕ್ಕೆ ಶಾಲೆಗಳಿಗೆ ರಜೆ ಎಂದು ಸುದ್ದಿ ಬಂತು. ಶಾಲೆಗಳ ಪರವಾಗಿ ಪೋಷಕರಿಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ನಮ್ಮದು. ಆರೂಕಾಲಿಗೆ ಒಂದು ಶಾಲೆಯಿಂದ ಫೋನ್: "ಪೋಷಕರಿಗೆ ಮೆಸೇಜ್ ಹೋಯ್ತಾ?" ಹೋಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಯಾರಿಗೂ ಮೆಸೇಜ್ ಕಳಿಸಬೇಡ ಎಂದು ಕಾನ್ಫಿಗ್ ಫೈಲಿನಲ್ಲಿ (ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲು) ನಾವೇ ಬರೆದಿದ್ದೆವು. ಅದನ್ನು ಬದಲಿಸಿದರೆ ನೋಡ್ ಪ್ರೋಸೆಸ್, ಅಂದರೆ ನೋಡ್‌ಜೆಎಸ್‌ನಲ್ಲಿ ಓಡುವ ನಮ್ಮ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ, ರೀಸ್ಟಾರ್ಟ್ ಮಾಡಬೇಕು. ಮಾಡಿದರೆ ಮೆಮೊರಿಯಲ್ಲಿ ಸಾಲುಗಟ್ಟಿ ನಿಂತ ಮೆಸೇಜೆಲ್ಲ ಮಾಯ. (ಕ್ಯೂ ಮೆಮೊರಿಯಲ್ಲಿ ಇಟ್ಟಿದ್ದೇ ತಪ್ಪು, ಗೊತ್ತು. ಬೈಯಬೇಡಿ, ಆಮೇಲೆ ಸರಿ ಮಾಡಿದೆವು.)

ಆ ವಾರವೇ ಎರಡು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಂದು ಕೂರಿಸಿದೆ. ಫೈಲ್ ಬದಲಾದರೆ ಹೇಳಲು ಚೋಕಿಡಾರ್. ಬದಲಾದದ್ದು ಸರಿಯಿದೆಯಾ ಎಂದು ನೋಡಲು ಝಾಡ್. ನಾಲ್ಕು ಮಳೆಗಾಲ ಇವೆರಡರ ಜೊತೆ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚೋಕಿಡಾರ್ ಎಂದರೆ ನಮ್ಮ ಚೌಕೀದಾರನೇ. ಹೆಸರು ಹಿಂದಿಯಿಂದ ಬಂದದ್ದು. ನೋಡ್‌ನಲ್ಲೇ ಫೈಲ್ ಕಾಯುವ ಎಫ್‌ಎಸ್ ವಾಚ್ ಇದೆಯಲ್ಲ, ಇದ್ಯಾಕೆ ಎಂದು ನಾನೂ ಮೊದಲು ಕೇಳಿದ್ದೆ. ಎರಡು ದಿನ ಬಳಸಿದರೆ ಉತ್ತರ ಸಿಗುತ್ತದೆ. ಲಿನಕ್ಸ್‌ನಲ್ಲಿ ಎಫ್‌ಎಸ್ ವಾಚ್ ನೋಡುವುದು ಫೈಲಿನ ಹೆಸರನ್ನಲ್ಲ, ಐನೋಡನ್ನು, ಅಂದರೆ ಡಿಸ್ಕ್‌ನಲ್ಲಿ ಆ ಫೈಲಿಗಿರುವ ಒಳಗುರುತನ್ನು. ವಿಮ್‌ನಂಥ ಎಡಿಟರ್ ಎಷ್ಟೋ ಸಲ ಹಳೆ ಫೈಲನ್ನು ಪಕ್ಕಕ್ಕೆ ಸರಿಸಿ ಅದೇ ಹೆಸರಿನಲ್ಲಿ ಹೊಸ ಫೈಲ್ ಬರೆಯುತ್ತದೆ. ಮನೆಯವರು ಬೇರೆ ಮನೆಗೆ ಹೋದರೂ ಹಳೆ ಮನೆ ಬಾಗಿಲಲ್ಲೇ ಕೂತ ಕಾವಲುಗಾರನ ಹಾಗೆ, ಮೊದಲ ಸಲ ಸುದ್ದಿ ಕೊಟ್ಟು ಆಮೇಲೆ ಸುಮ್ಮನಾಗುತ್ತದೆ. ಚೋಕಿಡಾರ್ ಇದನ್ನು ಸಂಭಾಳಿಸುತ್ತದೆ. ಫೈಲ್ ಅಳಿದು 100 ಮಿಲಿಸೆಕೆಂಡಿನೊಳಗೆ ಮತ್ತೆ ಬಂದರೆ, ಅಳಿಯಿತು ಬಂತು ಎಂದು ಎರಡು ಸಲ ಕೂಗದೆ "ಬದಲಾಯಿತು" ಎಂದು ಒಂದೇ ಸಲ ಹೇಳುತ್ತದೆ.

ಅರ್ಧ ಬರೆದ ಫೈಲಿನ ಕಾಟ ಬೇರೆ. ಬರೆಯುವವರು ಮೊದಲು ಫೈಲನ್ನು ಖಾಲಿ ಮಾಡಿ ಆಮೇಲೆ ತುಂಬಿಸುತ್ತಾರೆ. ಆ ಸಂದಿನಲ್ಲಿ ನಾವು ಓದಿದರೆ ಸಿಗುವುದು ಖಾಲಿ ಹಾಳೆ. ಇದಕ್ಕೆ ಅವೇಟ್‌ರೈಟ್‌ಫಿನಿಶ್ ಎಂಬ ಆಯ್ಕೆಯಿದೆ. ಫೈಲಿನ ಗಾತ್ರ ಇಷ್ಟು ಹೊತ್ತು ಬದಲಾಗದೆ ನಿಂತರೆ ಮಾತ್ರ ಸುದ್ದಿ ಕೊಡುತ್ತದೆ. ಅದರ ಡೀಫಾಲ್ಟ್ 2000 ಮಿಲಿಸೆಕೆಂಡ್. ಎರಡು ಕೆಬಿ ಕಾನ್ಫಿಗ್‌ಗೆ ಅದು ಜಾಸ್ತಿಯಾಯಿತು. ನಾವು 300ಕ್ಕೆ ಇಳಿಸಿದ್ದೇವೆ.

ಇನ್ನು ಝಾಡ್. ನನಗೆ ಇದರ ಬೆಲೆ ತಿಳಿದದ್ದು ಮೊದಲ ದಿನವೇ, ಅದೂ ತಮಾಷೆಯ ರೀತಿಯಲ್ಲಿ. ನಮ್ಮ ಕಾನ್ಫಿಗ್ ಇರುವುದು ವೈಎಎಂಎಲ್ ಎಂಬ ಪಠ್ಯ ರೂಪದಲ್ಲಿ. ಅದರಲ್ಲಿ ಮೆಸೇಜ್ ಕಳಿಸುವ ಅವಧಿ 07:00ರಿಂದ 21:30 ಎಂದಿತ್ತು. ಅದನ್ನು ಓದುವ ಪಾರ್ಸರ್ ಹಳೆ ಪ್ರಾಜೆಕ್ಟಿನಿಂದ ಎತ್ತಿಕೊಂಡು ಬಂದದ್ದು, ಹಾಗಾಗಿ ವೈಎಎಂಎಲ್ 1.1ರ ನಿಯಮ. ಆ ನಿಯಮದಲ್ಲಿ ಕೋಟ್ ಇಲ್ಲದ 21:30 ಅರವತ್ತರ ಲೆಕ್ಕದ ಸಂಖ್ಯೆ. 21 ಗುಣಿಲೆ 60, ಜೊತೆಗೆ 30, ಒಟ್ಟು 1290! 07:00 ಮಾತ್ರ ಸೊನ್ನೆಯಿಂದ ಶುರುವಾಗಿದ್ದಕ್ಕೆ ಪಾರಾಗಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಉಳಿದಿತ್ತು. ಝಾಡ್ ಸ್ಕೀಮಾ (ಯಾವ ಸೆಟ್ಟಿಂಗ್ ಎಂಥದ್ದಿರಬೇಕೆಂಬ ಪಟ್ಟಿ) ಬರೆದು ಓಡಿಸಿದ ಕೂಡಲೇ "ಸ್ಟ್ರಿಂಗ್ ಬೇಕಿತ್ತು, ನಂಬರ್ ಬಂದಿದೆ" ಎಂದಿತು. ಅಲ್ಲಿಯವರೆಗೆ ರಾತ್ರಿಯ ಮಿತಿ ಕೆಲಸವೇ ಮಾಡುತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ರಾತ್ರಿ ಹತ್ತಕ್ಕೆ ಫೀಸ್ ಮೆಸೇಜ್ ನೋಡಿದ ಪೋಷಕರನ್ನು ಬಿಟ್ಟು. ಈಗ ಪಾರ್ಸರ್ ಬದಲಿಸಿ 1.2ರ ನಿಯಮಕ್ಕೆ ಬಂದಿದ್ದೇವೆ. ಆದರೂ ಕೋಟ್ ಹಾಕುವ ಅಭ್ಯಾಸ ಬಿಟ್ಟಿಲ್ಲ.

ಇವೆರಡನ್ನೂ ಜೋಡಿಸುವ ಕೋಡ್ ಮೂವತ್ತು ಸಾಲೂ ಇಲ್ಲ. ಸುದ್ದಿ ಬಂತು, ಫೈಲ್ ಓದು, ಝಾಡ್‌ನ ತಪಾಸಣೆ ಫಂಕ್ಷನ್ ಸೇಫ್‌ಪಾರ್ಸ್‌ಗೆ ಕೊಡು. ಪಾಸಾದರೆ ಇಡೀ ಕಾನ್ಫಿಗ್ ಆಬ್ಜೆಕ್ಟನ್ನು ಒಂದೇ ಏಟಿಗೆ ಬದಲಿಸು. ಫೇಲಾದರೆ ಲಾಗ್ ಬರೆದು ಹಳೆಯದರಲ್ಲೇ ಮುಂದುವರಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂಡ ರೀಲೋಡ್ ಮಾಡುವಾಗ ಹೊಸ ಕಾನ್ಫಿಗ್ ತಪ್ಪಿದ್ದರೆ ಹಳೆಯದರಲ್ಲೇ ಓಡುತ್ತದಲ್ಲ, ಅದೇ ಬುದ್ಧಿ. ಆದರೆ ಪ್ರೋಸೆಸ್ ಶುರುವಾಗುವಾಗಲೇ ಕಾನ್ಫಿಗ್ ತಪ್ಪಿದ್ದರೆ ಮಾತ್ರ ಮುಲಾಜಿಲ್ಲದೆ ನಿಲ್ಲಿಸಿಬಿಡಿ. ಆಗ ಹಿಂದಕ್ಕೆ ಹೋಗಲು ಹಳೆಯದು ಇರುವುದಿಲ್ಲ. ಈ ಮೂವತ್ತು ಸಾಲನ್ನು ಎರಡೂ ಲೈಬ್ರರಿ ನಿಮಗೆ ಬರೆದು ಕೊಡುವುದಿಲ್ಲ. ನನ್ನ ಪ್ರಕಾರ ಮುಖ್ಯ ಕೆಲಸ ಇರುವುದೇ ಅಲ್ಲಿ.

ಈಗ ಪೆಟ್ಟು ತಿಂದ ಕತೆ. 2023ರ ಮಳೆಗಾಲ. ಮೆಸೇಜ್ ನಿಜವಾಗಿ ಕಳಿಸದೆ ಸುಮ್ನೆ ಲಾಗ್ ಮಾತ್ರ ಬರೆಯುವ "ಡ್ರೈ ರನ್" ಸ್ವಿಚ್ ಒಂದನ್ನು ಸೇರಿಸಿದೆ. ಸರ್ವರಿನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಅದಕ್ಕೆ "ಫಾಲ್ಸ್" ಎಂದು ಸ್ಪಷ್ಟವಾಗಿಯೇ ಕೊಟ್ಟೆ. ಸ್ಕೀಮಾದಲ್ಲಿ ಝಾಡ್‌ನ ಕೊಯರ್ಸ್ ಬೂಲಿಯನ್, ಅಂದರೆ ಬಂದದ್ದನ್ನು ಸತ್ಯ ಅಥವಾ ಸುಳ್ಳಿಗೆ ತಿರುಗಿಸುವುದು. ಸಂಜೆ ಡಿಪ್ಲಾಯ್ ಮಾಡಿ ಮಲಗಿದೆ. ಬೆಳಿಗ್ಗೆ ರಜೆ ಸುದ್ದಿ, ಲಾಗ್‌ನಲ್ಲಿ ಎಲ್ಲವೂ ಹೋಗಿದೆ, ಫೋನಿಗೆ ಒಂದೂ ಬಂದಿಲ್ಲ. ಮಕ್ಕಳು ನೆನೆದುಕೊಂಡು ಶಾಲೆಗೆ ಬಂದು ವಾಪಸ್ ಹೋದರು. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಸತ್ಯವೇ, "ಫಾಲ್ಸ್" ಎಂಬ ಸ್ಟ್ರಿಂಗ್ ಕೂಡ. ಝಾಡ್ ಹೇಳಿದ್ದನ್ನೇ ಮಾಡಿತ್ತು, ನಾನೇ ಓದಿರಲಿಲ್ಲ. ಖಾಲಿ ಸ್ಟ್ರಿಂಗನ್ನು ಹೀಗೇ ನಂಬರಿಗೆ ತಿರುಗಿಸಿದರೆ ಸೊನ್ನೆ ಸಿಗುತ್ತದೆ, ಅದನ್ನೂ ನೋಡಿಕೊಳ್ಳಿ. 2025ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಇದಕ್ಕೆಂದೇ ಸ್ಟ್ರಿಂಗ್‌ಬೂಲ್ ಇದೆ. ಆವೃತ್ತಿ ಏರಿಸಲು ನನಗೆ ಅದೊಂದೇ ಕಾರಣ ಸಾಕಾಗಿತ್ತು.

ಇನ್ನೊಂದು ಸಣ್ಣ ಕುಳಿ. ಝಾಡ್ ಮಾಮೂಲಾಗಿ ಗುರುತಿಲ್ಲದ ಕೀಗಳನ್ನು (ಸೆಟ್ಟಿಂಗ್ ಹೆಸರುಗಳನ್ನು) ಸದ್ದಿಲ್ಲದೆ ಬಿಸಾಡುತ್ತದೆ. ಕೀ ಹೆಸರಿನ ಸ್ಪೆಲಿಂಗ್ ತಪ್ಪಿದರೆ ಅದು ಬಿದ್ದುಹೋಗಿ, ಅದರ ಜಾಗಕ್ಕೆ ಡೀಫಾಲ್ಟ್ ಬಂದು ಕೂರುತ್ತದೆ. ಎರರ್ ಇಲ್ಲ, ಏನೂ ಇಲ್ಲ. ಕಾನ್ಫಿಗ್‌ಗೆ, ಇಂಥ ಕೀ ಕಂಡರೆ ಎರರ್ ಕೊಡುವ ಸ್ಟ್ರಿಕ್ಟ್ ಆಬ್ಜೆಕ್ಟನ್ನೇ ಬಳಸಿ.

ಡಾಕರ್‌ನಲ್ಲಿ (ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಾಧನ) ಓಡಿಸುವವರಿಗೆ ಒಂದು ಮಾತು. ಹೊರಗಿನ ಒಂದೇ ಫೈಲನ್ನು ಒಳಗೆ ಕಾಣುವಂತೆ ಮೌಂಟ್ ಮಾಡಬೇಡಿ, ಇಡೀ ಫೋಲ್ಡರ್ ಮೌಂಟ್ ಮಾಡಿ. ಇಲ್ಲದಿದ್ದರೆ ಮೇಲೆ ಹೇಳಿದ ಐನೋಡ್ ಕತೆಯೇ ಮತ್ತೆ. ಹೊರಗೆ ಫೈಲ್ ಬದಲಾಗಿರುತ್ತದೆ, ಕಂಟೇನರ್ ಒಳಗೆ ಹಳೆಯದೇ ಕಾಣುತ್ತಿರುತ್ತದೆ. ಚೋಕಿಡಾರ್ ಮೇಲೆ ಅರ್ಧ ದಿನ ಅನುಮಾನಪಟ್ಟೆ, ಪಾಪ. ಇಂಥ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್‌ನಲ್ಲೂ ಸಬ್‌ಪಾತ್ ಹಾಕಿ (ಒಳಗಿನ ಒಂದು ಭಾಗವನ್ನಷ್ಟೇ ಆರಿಸಿ) ಮೌಂಟ್ ಮಾಡಿದ ಕಾನ್ಫಿಗ್‌ಮ್ಯಾಪ್‌ಗೆ ಹೊಸ ಬದಲಾವಣೆ ಬರುವುದಿಲ್ಲ. ನೆಟ್‌ವರ್ಕ್ ಡ್ರೈವ್ ಆದರೆ ಪೋಲಿಂಗ್ (ಆಗಾಗ ತಾನೇ ಹೋಗಿ ಫೈಲ್ ನೋಡುವುದು) ಹಾಕದೆ ಗತಿಯಿಲ್ಲ.

2024ರ ಸೆಪ್ಟೆಂಬರಿನಲ್ಲಿ ಚೋಕಿಡಾರ್‌ನ ನಾಲ್ಕನೇ ಆವೃತ್ತಿ ಬಂತು. ಅದರ ಡಿಪೆಂಡೆನ್ಸಿ (ಅದು ನೆಚ್ಚಿಕೊಂಡ ಬೇರೆ ಲೈಬ್ರರಿಗಳು) 13ರಿಂದ 1ಕ್ಕೆ ಇಳಿಯಿತು, ಸಂತೋಷ. ಜೊತೆಗೆ ನಕ್ಷತ್ರ ಚಿಹ್ನೆ ಹಾಕಿ ಹಲವು ಫೈಲುಗಳನ್ನು ಒಟ್ಟಿಗೆ ಹೆಸರಿಸುವ ಗ್ಲಾಬ್ ಬೆಂಬಲವೂ ಹೋಯಿತು. ಫೋಲ್ಡರ್ ಹೆಸರು ಕೊಟ್ಟು, ಬೇಡದ್ದನ್ನು ಒಂದು ಫಂಕ್ಷನ್‌ನಿಂದ ಸೋಸಿದೆ. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಇದ್ದೂ ಯಾವ ಲೈಬ್ರರಿಯೂ ಕಾಪಾಡದ ಜಾಗ ಒಂದಿದೆ, ನಿಮ್ಮದೇ ಕೋಡ್. ಕೋಡ್ ಫೈಲಿನ ಮೇಲ್ತುದಿಯಲ್ಲಿ ಕಾನ್ಫಿಗ್‌ನಿಂದ ಮಿತಿಯನ್ನು ಬಿಡಿಸಿ ಕಾನ್ಸ್ಟ್‌ಗೆ (ಒಮ್ಮೆ ಇಟ್ಟರೆ ಬದಲಾಗದ ಹೆಸರಿಗೆ) ಹಾಕಿಟ್ಟರೆ, ಅದು ಪ್ರೋಸೆಸ್ ಸಾಯುವವರೆಗೂ ಹಳೆಯದೇ. ನಮ್ಮಲ್ಲಿ ಇಂಥವು ಹನ್ನೊಂದು ಕಡೆ ಇದ್ದವು. ಈಗ ಬೇಕಾದಾಗಲೆಲ್ಲ ಫಂಕ್ಷನ್ ಕರೆದು ಕೇಳುತ್ತೇವೆ. ಒಂದೇ ಕೆಲಸವನ್ನು ಇಷ್ಟು ಹೊತ್ತಿಗೊಮ್ಮೆ ಮಾಡಿಸುವ ಸೆಟ್‌ಇಂಟರ್ವಲ್ ಹಾಕಿದ್ದರೆ ಅದನ್ನು ನಿಲ್ಲಿಸಿ ಹೊಸದಾಗಿ ಶುರುಮಾಡಬೇಕು. ಪೋರ್ಟ್, ಡೇಟಾಬೇಸ್ ವಿಳಾಸ ಇವನ್ನು ಲೈವ್ ಆಗಿ ಬದಲಿಸುವ ಗೋಜಿಗೇ ನಾವು ಹೋಗಿಲ್ಲ. ಅವು ಬೇರೆ ಫೈಲಿನಲ್ಲಿವೆ, ಅದಕ್ಕೆ ಕಾವಲಿಲ್ಲ.

ನಿಮ್ಮ ಕಾನ್ಫಿಗ್ ಆರು ತಿಂಗಳಿಗೊಮ್ಮೆ ಬದಲಾಗುವುದಾದರೆ ಇದ್ಯಾವುದೂ ಬೇಡ, ರೀಸ್ಟಾರ್ಟ್ ಮಾಡಿ ಸುಮ್ಮನಿರಿ. ಆದರೆ ಝಾಡ್ ಮಾತ್ರ ಇಟ್ಟುಕೊಳ್ಳಿ. ನನ್ನ ಅಂಕ: ಚೋಕಿಡಾರ್‌ಗೆ ಐದಕ್ಕೆ ನಾಲ್ಕು, ಝಾಡ್‌ಗೆ ನಾಲ್ಕೂವರೆ. ಝಾಡ್‌ನ ಮೂರನೇ ಆವೃತ್ತಿಯಲ್ಲಿ ಎರರ್ ಎಂದರೆ ಓದಲು ಕಷ್ಟವಾದ ಜೇಸನ್ ರಾಶಿ. ಈಗಿನ ಪ್ರೆಟಿಫೈಎರರ್ ಕೊಡುವುದನ್ನು ನಮ್ಮ ಸಪೋರ್ಟ್ ಹುಡುಗನೂ ಓದಬಲ್ಲ.

ಆದರೂ ಮಳೆಗಾಲದಲ್ಲಿ ಬೆಳಿಗ್ಗೆ ಫೈಲ್ ಸೇವ್ ಮಾಡಿದ ಕೂಡಲೇ ಅವನ ಫೋನ್ ಬರುತ್ತದೆ: "ಅಣ್ಣಾ, ತಗೊಂಡಿತಾ?" ಲಾಗ್ ನೋಡು ಅಂದರೆ ಕೇಳುವುದಿಲ್ಲ. ಕಾನ್ಫಿಗ್ ಕೊನೆಯ ಸಲ ಎಷ್ಟು ಗಂಟೆಗೆ ಲೋಡ್ ಆಯಿತು ಎಂದು ತೋರಿಸುವ ಒಂದು ಪುಟ ಮಾಡಿಕೊಡುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ.