ಪವರ್ ಕ್ಯಾಟಮರಾನ್ ಟ್ರಾಲರ್: ಒಂದು ವರ್ಷ ಓಡಿಸಿದ ಮೇಲೆ ಡೀಸೆಲ್ ಲೆಕ್ಕ

ನಾನು, ನಮ್ಮ ಭಾವ ಸೇರಿ 40 ಅಡಿಯ ಪವರ್ ಕ್ಯಾಟಮರಾನ್ ತಗೊಂಡು ಒಂದು ವರ್ಷ ಆಯ್ತು. ಟ್ರಾಲರ್ ಅಂದ ತಕ್ಷಣ ಬಲೆ ಎಳೆಯೋ ಮೀನಿನ ಬೋಟು ಅನ್ಕೋಬೇಡಿ, ಇದು ನಿಧಾನಕ್ಕೆ ಆದ್ರೆ ತುಂಬಾ ದೂರ ಹೋಗೋಕೆ ಅಂತ ಮಾಡಿರೋ ಬೋಟು, ಒಳಗೇ ವಾಸ ಮಾಡ್ಬಹುದು. ಕ್ಯಾಟಮರಾನ್ ಅಂದ್ರೆ ಪಕ್ಕಪಕ್ಕ ಎರಡು ಒಡಲು (ನೀರಲ್ಲಿ ಕೂರೋ ಬೋಟಿನ ಮೈ), ಒಂದೊಂದರಲ್ಲೂ 220 ಹಾರ್ಸ್‌ಪವರ್ ಡೀಸೆಲ್ ಎಂಜಿನ್, ಟ್ಯಾಂಕ್ 700 ಲೀಟರ್‌ದು ಎರಡು. ಮಾರಿದವರು ಕೊಟ್ಟ ಪುಸ್ತಕದಲ್ಲಿ ರೇಂಜು 1000 ನಾಟಿಕಲ್ ಮೈಲಿಗೂ ಜಾಸ್ತಿ ಅಂತಿತ್ತು. ಅದು 5 ನಾಟ್ಸ್‌ನಲ್ಲಿ (ಅಂದ್ರೆ ಗಂಟೆಗೆ 5 ನಾಟಿಕಲ್ ಮೈಲಿ), ಖಾಲಿ ಬೋಟಲ್ಲಿ, ಟ್ಯಾಂಕ್ ಕೊನೇ ಹನಿವರೆಗೂ ಬತ್ತಿಸಿದ್ರೆ ಬರೋ ಲೆಕ್ಕ ಅಂತ ನಮಗೆ ಆಮೇಲೆ ಗೊತ್ತಾಯ್ತು, ಮೊದಲೇ ಹೇಳಿದ್ರೆ ನಾವೇನು ಬೇಡ ಅಂತಿರ್ಲಿಲ್ಲ, ಹೇಳ್ಬೇಕಿತ್ತು ಅಷ್ಟೆ.

ಬಂದ ಮೊದಲ ವಾರವೇ ಎಷ್ಟು ಡೀಸೆಲ್ ಹೋಗ್ತಿದೆ ಅಂತ ಅಳೆಯೋ ಫ್ಲೋ ಮೀಟರ್ ಹಾಕಿಸಿದ್ವಿ. ಎರಡೂ ಎಂಜಿನ್ ಸೇರಿ 7 ನಾಟ್ಸ್‌ಗೆ ಗಂಟೆಗೆ 11 ಲೀಟರ್, 9ಕ್ಕೆ 20 ಲೀಟರ್, 14ಕ್ಕೆ 56. ಟ್ಯಾಂಕಲ್ಲಿ ಐದರಲ್ಲೊಂದು ಭಾಗ ಮುಟ್ಟಬಾರದು ಅಂತ ನಾವೇ ಕಟ್ಟುನಿಟ್ಟು ಮಾಡ್ಕೊಂಡಿದೀವಿ, ಅಂದ್ರೆ ಕೈಗೆ ಸಿಗೋದು 1120 ಲೀಟರ್. ಹಾಗಾಗಿ 7ರಲ್ಲಿ ಹೋದ್ರೆ ಸುಮಾರು 710 ನಾಟಿಕಲ್ ಮೈಲಿ, 9ರಲ್ಲಿ 500, 14ರಲ್ಲಿ ಬರೀ 280. ಅದೇ ಬೋಟು, ಅದೇ ಟ್ಯಾಂಕು, ಥ್ರಾಟಲ್ ಮೇಲಿರೋ ಕೈ ಎಷ್ಟು ಮುಂದೆ ಹೋಯ್ತು ಅನ್ನೋದರ ಮೇಲೆ ರೇಂಜು ಅರ್ಧಕ್ಕಿಂತ ಕಮ್ಮಿ ಆಗೋಗುತ್ತೆ.

ಆದ್ರೂ ನನಗೆ ಈ ಬೋಟು ಇಷ್ಟ ಆಗಿರೋದು ಆ 9 ನಾಟ್ಸ್‌ಗೋಸ್ಕರ. ಒಂದೇ ಒಡಲಿನ ದಪ್ಪ ಟ್ರಾಲರ್‌ಗೆ ನೀರಲ್ಲಿರೋ ಉದ್ದವೇ ಬೇಲಿ, ಅಡಿಗಳಲ್ಲಿರೋ ಆ ಉದ್ದದ ವರ್ಗಮೂಲಕ್ಕೆ 1.34 ಗುಣಿಸಿದ್ರೆ ಬರೋ ವೇಗ ದಾಟಿದ್ರೆ ಅದು ತಾನೇ ಎಬ್ಬಿಸಿದ ಅಲೆಯನ್ನ ತಾನೇ ಹತ್ತೋಕೆ ಶುರು ಮಾಡುತ್ತೆ, 36 ಅಡಿಗೆ ಅದು 8 ನಾಟ್ಸ್. ಅಲ್ಲಿಂದಾಚೆ ಎಷ್ಟು ಡೀಸೆಲ್ ಸುರಿದ್ರೂ ವೇಗ ಏಳಲ್ಲ. ಕ್ಯಾಟಮರಾನ್ ಒಡಲು ತೆಳ್ಳಗೆ ಕತ್ತಿ ಥರ ಇರೋದ್ರಿಂದ ಎಬ್ಬಿಸೋ ಅಲೆನೇ ಚಿಕ್ಕದು, ಬೇಲಿ ಅಷ್ಟು ಗಟ್ಟಿ ಇಲ್ಲ. 9ರಲ್ಲಿ ಹಿಂದೆ ತಿರುಗಿ ನೋಡಿದ್ರೆ ನೀರು ಹೆಚ್ಚುಕಮ್ಮಿ ಚಪ್ಪಟೆ, ಎರಡು ಸಣ್ಣ ಗೆರೆ ಅಷ್ಟೆ. ಆದ್ರೆ 5–6 ನಾಟ್ಸ್‌ನಲ್ಲೇ ತೆವಳ್ಕೊಂಡು ಹೋಗೋರಿಗೆ ಈ ಲಾಭ ಸಿಗಲ್ಲ, ಅಲ್ಲಿ ಅಲೆಗಿಂತ ನೀರಿನ ಉಜ್ಜಾಟವೇ ಜಾಸ್ತಿ, ಎರಡು ಒಡಲು ಅಂದ್ರೆ ಉಜ್ಜೋ ಮೈಯೂ ಜಾಸ್ತಿ.

ಈಗ ದೊಡ್ಡ ತಕರಾರು, ತೂಕ. ಜಾಗ ಇದೆ ಅಂತ ತುಂಬ್ತಾ ಹೋದ್ವಿ, ಜನರೇಟರ್, ಸಮುದ್ರದ ನೀರು ಸಿಹಿ ಮಾಡೋ ಮಷಿನ್, ದೊಡ್ಡ ಡಿಂಗಿ (ದಡಕ್ಕೆ ಹೋಗಿ ಬರೋ ಪುಟ್ಟ ದೋಣಿ), ಟೂಲ್ಸು, ಬಿಡಿ ಭಾಗ, ಎಲ್ಲಾ ಸೇರಿ ಒಂದೂವರೆ ಟನ್. ಒಂದು ದಿನ ಭಾವ ಡಿಂಗಿಯಲ್ಲಿ ಕೂತು ಒಡಲು ಉಜ್ಜುವಾಗ ಕರೆದು ತೋರಿಸಿದ್ರು, ಬಣ್ಣದ ಗೆರೆ ಎರಡೂವರೆ ಇಂಚು ನೀರೊಳಗೆ ಹೋಗಿ ಅದರ ಮೇಲೆ ಹಸಿರು ಪಾಚಿ ಕಟ್ಟಿತ್ತು. 9 ನಾಟ್ಸ್‌ನ 20 ಲೀಟರ್ ಅಷ್ಟರಲ್ಲಿ 24 ಆಗಿತ್ತು. ತೆಳ್ಳಗಿನ ಒಡಲು ತೂಕ ಹಾಕಿದ್ರೆ ಬೇಗ ಮುಳುಗುತ್ತೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ಎರಡು ಒಡಲಿನ ನಡುವಿನ ಅಡಿಭಾಗ ನೀರಿಗೆ ಹತ್ತಿರ ಆಗಿ ಎದುರು ಅಲೆ ಬಂದಾಗ ಧಡ್ ಧಡ್ ಅಂತ ಹೊಡೆಯುತ್ತೆ, ರಾತ್ರಿ ನಿದ್ದೆ ಬರಲ್ಲ, ವೇಗ ಇಳಿಸಲೇಬೇಕು. ನಾವು ಅರ್ಧ ಸಾಮಾನು ಇಳಿಸಿ, ಪ್ರೊಪೆಲರ್‌ಗೆ ಅಂಟಿದ್ದ ಚಿಪ್ಪನ್ನೆಲ್ಲ ಕೆರೆದ ಮೇಲೆ 21ಕ್ಕೆ ಬಂತು.

ಒಂದೇ ಎಂಜಿನ್ ಓಡಿಸಿದ್ರೆ ಅರ್ಧ ಉಳಿಯುತ್ತೆ ಅಂತ ತುಂಬಾ ಜನ ಹೇಳ್ತಾರೆ, ನಾವೂ ನೋಡಿದ್ವಿ. 7 ನಾಟ್ಸ್‌ಗೆ 11ರ ಬದಲು 10 ಲೀಟರ್ ಆಯ್ತು, ಅಷ್ಟೇನೇ. ನಿಂತ ಪ್ರೊಪೆಲರ್ ಎಳೀತಾ ಇರುತ್ತೆ, ಬೋಟು ಒಂದು ಕಡೆ ತಿರುಗದ ಹಾಗೆ ಚುಕ್ಕಾಣಿ ಓರೆ ಹಿಡಿದೇ ಇರಬೇಕು. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎಂಜಿನ್ ಆಫ್ ಇದ್ದಾಗ ಶಾಫ್ಟ್ ಸುಮ್ನೆ ಸುತ್ತಿದ್ರೆ ಎಣ್ಣೆ ಸರಿಯಾಗಿ ಹೋಗಲ್ಲ, ಮ್ಯಾನುಯಲ್ ನೋಡದೆ ಮಾಡ್ಬೇಡಿ.

ಇನ್ನೊಂದು, ಮೀಟರ್ ತೋರಿಸೋದು ಗಂಟೆಯ ಲೆಕ್ಕ, ನಮಗೆ ಬೇಕಿರೋದು ಮೈಲಿಯ ಲೆಕ್ಕ, ಅದೂ ಜಿಪಿಎಸ್ ವೇಗದ ಮೇಲೆ. ಎದುರು ಪ್ರವಾಹ 1 ನಾಟ್ ಇದ್ರೆ 7 ಹೋಗಿ 6 ಆಗುತ್ತೆ, ಡೀಸೆಲ್ ಮಾತ್ರ ಅದೇ 11, ಆ 710 ಮೈಲಿ ಅಲ್ಲಿಗೆ 610. ಜನರೇಟರ್ ಕುಡಿಯೋದು ಬೇರೆ.

ತಗೊಳ್ಳೋ ಯೋಚನೆ ಇದ್ರೆ ಖಂಡಿತ ತಗೊಳ್ಳಿ, 8ರಿಂದ 10 ನಾಟ್ಸ್‌ನಲ್ಲಿ ಓಡಾಡೋರಿಗೆ ಇದು ಒಳ್ಳೇ ಬೋಟು. ಆದ್ರೆ ಟ್ರಯಲ್‌ಗೆ ಹೋದಾಗ ಡೀಸೆಲ್, ನೀರಿನ ಟ್ಯಾಂಕ್ ಎರಡೂ ಫುಲ್ ಮಾಡಿಸಿ, ಒಂದೇ ಆರ್‌ಪಿಎಂನಲ್ಲಿ ಹೋಗ್ತಾ ಬರ್ತಾ ಎರಡೂ ದಿಕ್ಕಲ್ಲಿ ಓಡಿಸಿ ಸರಾಸರಿ ಬರ್ಕೊಳ್ಳಿ. ಫುಲ್ ಥ್ರಾಟಲ್ ಕೊಟ್ಟಾಗ ಎಂಜಿನ್ ತನ್ನ ಪೂರ್ತಿ ಆರ್‌ಪಿಎಂ ಮುಟ್ಟುತ್ತಾ ನೋಡಿ, ಮುಟ್ಟದಿದ್ರೆ ಸಾಮಾನ್ಯವಾಗಿ ಒಂದೋ ಪ್ರೊಪೆಲರ್ ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳೋ ದೂರ) ಜಾಸ್ತಿ ಇದೆ, ಇಲ್ಲಾ ಬೋಟು ಆಗಲೇ ಭಾರ ಆಗಿದೆ.